ಶಿರಸ್ತೇದಾರರ ಬಾಗಿಲಿಗೆ ಕಾವಲು

ಬರ್ರೀ ಮಕ್ಕಳಾ, ಗದ್ದಲ ಬಿಟ್ಟು ಕೂತು ಕೇಳ್ರಿ.

ನಿವೃತ್ತ ಹವಾಲ್ದಾರ ಭರಮಪ್ಪ ಮಾಜಿ ಸೈನಿಕರಿಗೆ ಸರ್ಕಾರ ಕೊಡುವ ಜಮೀನಿಗೆ ಅರ್ಜಿ ಹಾಕುವಾಗ, ಸೈನ್ಯ ಬಿಟ್ಟಾಗ ಸಿಕ್ಕ ತನ್ನ ಡಿಸ್ಚಾರ್ಜ್ ಬುಕ್ಕನ್ನು ತಾಲ್ಲೂಕು ಕಚೇರಿಗೆ ಕೊಟ್ಟಿದ್ದ. ಈಗ ಹೆಂಡತಿ ನೀಲವ್ವನ ಕಣ್ಣಿನ ಆಪರೇಷನ್ನು ಮಿಲಿಟರಿ ಆಸ್ಪತ್ರೆಯಲ್ಲಿ ಆಗಬೇಕು. ಅಲ್ಲಿ ಆ ಬುಕ್ಕು ಬೇಕೇ ಬೇಕು.

"ಬುಕ್ಕು ಬೇಕಾದರೆ, ನೀನು ಸೈನ್ಯದಲ್ಲಿದ್ದೆ ಅನ್ನೋದಕ್ಕೆ ದಾಖಲೆ ತಾ," ಅಂದರು ಕೇಳಲು ಹೋದವನಿಗೆ ಆ ಕಚೇರಿಯ ಶಿರಸ್ತೇದಾರರು, ಮೈಸೂರು ಕಡೆಯವರು.

"ದಾಖಲೆ ಅಂದ್ರ ಆ ಬುಕ್ಕೇ ರೀ ಸಾಹೇಬ್ರ. ನಿಮ್ಮ ಕಪಾಟಿನ್ಯಾಗ ಐತಿ."

"ಹಾಗಾದರೆ ಅದನ್ನ ತಂದು ತೋರಿಸು, ಕೊಡ್ತೀನಿ."

ಮೂರು ತಿಂಗಳು ಇದೇ ಮಾತು. ಭರಮಪ್ಪನ ತಲೆ ಗಿರ್ರನೆ ತಿರುಗಿತು. "ಏ ನೀಲಾ, ನಾ ಮಿಲಿಟರಿಯಾಗ ಇದ್ದದ್ದು ಖರೇನೋ ಸುಳ್ಳೋ?" ಅಂತ ಹೆಂಡತಿಯನ್ನೇ ಕೇಳಿದ.

"ಹದಿನೇಳು ವರ್ಷ ಮನ್ಯಾಗಂತೂ ಇರಲಿಲ್ಲ," ಅಂದಳು ಆಕೆ.

ಮರುದಿನ ಆತ ಮತ್ತೆ ಕಚೇರಿಗೆ ಹೋದಾಗ, ಊಟಕ್ಕೆ ಹೊರಟ ಶಿರಸ್ತೇದಾರರು ಅಣಕಿಸಿದರು. "ಸೈನಿಕ ಅಂತೀಯಲ್ಲ, ನಾ ಬರೋತನಕ ಈ ಬಾಗಿಲು ಕಾಯಿ. ದಾಖಲೆ ಇಲ್ಲದವರನ್ನ ಒಳಗೆ ಬಿಡಬೇಡ."

ಭರಮಪ್ಪ ಸೆಟೆದು ನಿಂತ. ಅವರು ತೇಗುತ್ತ ಬಂದಾಗ ಕೈ ಅಡ್ಡ ಹಿಡಿದ. "ನಿಂದರ್ರಿ! ದಾಖಲೆ ತೋರಿಸ್ರಿ."

"ನಾನೇ ಕಣೋ! ಗುರುತಿನ ಚೀಟಿ ಒಳಗೆ ಮೇಜಿನ ಮೇಲಿದೆ."

"ಹಂಗಾರ ಅದನ್ನ ತಂದು ತೋರಿಸ್ರಿ, ಬಿಡ್ತೀನಿ."

"ಒಳಗೆ ಹೋಗದೆ ತರೋದು ಹೇಗೋ?"

"ಮೂರು ತಿಂಗಳಾತು ಸಾಹೇಬ್ರ, ನಾನೂ ಅದನ್ನೇ ಕೇಳಾಕತ್ತೀನಿ."

ಸುತ್ತ ನಿಂತ ಜನ ಗೊಳ್ಳೆಂದರು. ಶಿರಸ್ತೇದಾರರು ಬೆವರು ಒರೆಸಿಕೊಂಡು, "ಬಿಡಪ್ಪಾ, ಒಳಗೆ ಹೋದ ಕೂಡಲೇ ಬುಕ್ಕು ಕೊಡ್ತೀನಿ," ಅಂದರು. ಕೊಟ್ಟರು ಕೂಡ.

ನೀಲವ್ವ ಈಗ ಸೂಜಿಗೆ ದಾರ ತಾನೇ ಪೋಣಿಸುತ್ತಾಳೆ. ಭರಮಪ್ಪ ಬುಕ್ಕನ್ನು ದಿಂಬಿನ ಕೆಳಗಿಟ್ಟು ಮಲಗುತ್ತಾನೆ. ಶಿರಸ್ತೇದಾರರು ಗುರುತಿನ ಚೀಟಿಯನ್ನು ಕೊರಳಿಗೇ ಕಟ್ಟಿಕೊಂಡಿದ್ದಾರೆ, ಸ್ನಾನಕ್ಕೆ ಹೋದರೂ ಬಿಚ್ಚೋದಿಲ್ಲವಂತೆ.