ಬಂಡೆ ಮೇಲಿಂದ ಬಂದ ಕೂಗು

"ಗುರುಗಳೇ! ಗುರುಗಳೇ! ಎಂಥಾದ್ ನಡೀತು ಗೊತ್ತಾ? ನೀವು ನಂಬೋದೇ ಇಲ್ಲ!"

ಹಾಯಿದೋಣಿ ದಡ ಮುಟ್ಟಿತ್ತೋ ಇಲ್ಲವೋ, ರೋಹಿದಾಸ ನೀರಿಗೆ ಹಾರಿ, ಪಂಚೆ ಎತ್ತಿಕಟ್ಟಿ, ಕುಂಟ್ತಾ ಕುಂಟ್ತಾನೇ ಆಶ್ರಮದ ಜಗಲಿಗೆ ಓಡಿ ಬಂದುಬಿಟ್ಟ.

ಗುರುಗಳು ಮೊರ ಇಟ್ಕೊಂಡು ಹುರುಳಿಯಿಂದ ಕಲ್ಲು ಆರಿಸ್ತಿದ್ರು. ಅಡುಗೆಯ ತುಳಸಕ್ಕ ದೋಣಿಯವರ ಜೊತೆ ಹೋಗಿದ್ದಳು. ಹಾಗಾಗಿ ನಿನ್ನೆಯಿಂದ ಒಲೆ ಅವರ ಪಾಲಿಗೇ ಬಂದಿತ್ತು.

"ಏನಾಯ್ತೋ?"

"ನಾನು ಮಾತಾಡ್ಲಿಲ್ಲ!"

ಗುರುಗಳ ಕೈ ನಿಂತೇಹೋಯ್ತು. ಮತ್ತೆ, ಇದು ನಂಬೋ ವಿಷಯಾನಾ? ರೋಹಿದಾಸ ಅಂದ್ರೆ ನಿದ್ದೇಲೂ ಬಾಯಿ ಮುಚ್ಚದ ಹುಡುಗ. ಧ್ಯಾನಕ್ಕೆ ಕೂತ್ರೆ ಪಕ್ಕದವನ ಹತ್ರ "ನಿಂಗೂ ಕಾಲು ಜೋಮು ಹಿಡೀತಾ?" ಅಂತ ಕೇಳೋನು. ಅವನ ಮಾತಿಗೆ ಆಶ್ರಮದಲ್ಲಿ ಎಲ್ಲರೂ ಓಡಿಹೋಗೋರು, ತುಳಸಕ್ಕ ಒಬ್ಬಳನ್ನ ಬಿಟ್ಟು. ಅವಳು ತೆಂಗಿನಕಾಯಿ ತುರೀತಾ "ಹೂಂ, ಆಮೇಲೆ?" ಅನ್ನೋಳು. ಅವನು ಹೇಳೋನು. "ಆಮೇಲೆ?" ಅನ್ನೋಳು. ಅವನು ಮತ್ತೆ ಹೇಳೋನು.

ಮಳೆಗಾಲ ಮುಗಿದು ಸಮುದ್ರ ತಣ್ಣಗಾದ ಮೇಲೆ ಪ್ರತಿ ವರ್ಷ ಒಂದು ಶನಿವಾರ ಭಾನುವಾರ ಪಟ್ಟಣದವರು ಬರೋರು. ಜಟ್ಟಣ್ಣನ ಹಾಯಿದೋಣೀಲಿ ಕೂತು ದ್ವೀಪಗಳನ್ನೆಲ್ಲ ಸುತ್ತಿ ಬರೋದು. ಒಂದೇ ಷರತ್ತು, ಕಾಷ್ಠಮೌನ. ಕಟ್ಟಿಗೆ ಹೆಂಗಿರುತ್ತೋ ಹಂಗೆ. ಮಾತೂ ಇಲ್ಲ, ಕೈಸನ್ನೆಯೂ ಇಲ್ಲ, ಕಣ್ಸನ್ನೆಯೂ ಇಲ್ಲ. ಮತ್ತೆ ಆಶ್ರಮದ ದಡಕ್ಕೆ ಕಾಲಿಡೋವರೆಗೆ. ದೋಣಿ ನಡೆಸೋ ಜಟ್ಟಣ್ಣನಿಗೆ ಮಾತ್ರ ಅದರಿಂದ ರಿಯಾಯ್ತಿ.

"ಈ ಸಲ ಮೌನ ಉಳಿಸ್ಕೊಂಡ್ರೆ ಬಂದ ದಿನವೇ ದೀಕ್ಷೆ," ಅಂತ ಗುರುಗಳು ರೋಹಿದಾಸನಿಗೆ ಮಾತು ಕೊಟ್ಟಿದ್ರು. ದೀಕ್ಷೆ ಅಂದ್ರೆ ಅವನಿಗೆ ಪ್ರಾಣ. ಆದ್ರೆ ಹಿಂದೆಲ್ಲ ಸೋತಿದ್ದ. ಒಂದ್ಸಲ ಡಾಲ್ಫಿನ್ ಹಾರ್ತು, "ಅಯ್ಯೋ ಅಲ್ನೋಡ್ರೋ!" ಅಂತ ಕಿರುಚಿದ. ಇನ್ನೊಂದ್ಸಲ ಕಾಲೇಜು ಮೇಷ್ಟ್ರ ಟೋಪಿಯೊಳಗೆ ಏಡಿ ಹತ್ತಿತು, ಬಿದ್ದು ಬಿದ್ದು ನಕ್ಕ.

"ಹೇಳು," ಅಂದ್ರು ಗುರುಗಳು.

"ಗುರುಗಳೇ, ನಿನ್ನೆ ಆಮೆ ಬಂತು, ಇಷ್ಟು ದೊಡ್ಡದು, ದೋಣಿ ಪಕ್ಕದಲ್ಲೇ ತಲೆ ಎತ್ತಿ ನನ್ನನ್ನೇ ನೋಡ್ತು! ನಾನು ಉಸಿರೆತ್ತಲಿಲ್ಲ. ಇವತ್ತು ಬೆಳಿಗ್ಗೆ ಕೊನೇ ದ್ವೀಪದಲ್ಲಿ ಬಂಡೆಗಂಟಿದ ಚಿಪ್ಪು ಅಂಗಾಲನ್ನೇ ಸೀಳ್ಬಿಡ್ತು, ನೋಡಿ ಇಲ್ಲಿ, ರಕ್ತ ಅಂದ್ರೆ ರಕ್ತ! 'ಅಮ್ಮಾ' ಅನ್ಲಿಲ್ಲ ನಾನು!"

"ಭಲೇ."

"ತುಳಸಕ್ಕ ನೋಡಿದ್ಳು. ಸೆರಗು ಹರಿದು ಕಟ್ಟಿದ್ಳು. ಅವಳೂ ಮೌನ ಅಲ್ವಾ, ಏನೂ ಹೇಳ್ದೆ ಎದ್ದು ಬಂಡೆ ಹಿಂದೆ ಹೋದ್ಳು. ಅಷ್ಟರಲ್ಲಿ ಜಟ್ಟಣ್ಣ 'ಗಾಳಿ ತಿರುಗ್ತು, ಹತ್ತಿ ಹತ್ತಿ' ಅಂದ. ಎಲ್ಲ ಹತ್ತಿದ್ವಿ."

"ಎಲ್ಲ?"

ರೋಹಿದಾಸನ ಮಾತು ಓಡ್ತಾನೇ ಇತ್ತು, ಅದನ್ನ ನಿಲ್ಲಿಸೋದು ಅವನ ಕೈಲಿ ಯಾವತ್ತಿತ್ತು?

"ಅಲ್ಲೇ ಇರೋದು ವಿಷಯ! ಒಂದು ಲೈಫ್ ಜಾಕೆಟ್ ಹಲಗೆ ಮೇಲೆ ಖಾಲಿ ಬಿದ್ದಿತ್ತು. ಎಲ್ಲರೂ ನೋಡಿದ್ರು. ಬ್ಯಾಂಕಿನ ಮೇಡಂ ಮೇಷ್ಟ್ರ ಮುಖ ನೋಡಿದ್ರು, ಮೇಷ್ಟ್ರು ನನ್ನ ಮುಖ ನೋಡಿದ್ರು. 'ಎಲ್ಲಾ ಬಂದ್ರಾ?' ಅಂತ ಜಟ್ಟಣ್ಣ ಹಿಂದಿನಿಂದ ಕೇಳಿದ. ಅವನ ಮುಂದೆ ಹಾಯಿ ಅಡ್ಡ, ಅವನಿಗೆ ನಾವು ಕಾಣಲ್ಲ. ಯಾರೂ ಮಾತಾಡ್ಲಿಲ್ಲ. 'ಮಾತಾಡ್ದಿದ್ರೆ ಬಂದಂಗೇ ಅಂತ ತಿಳ್ಕೊಳ್ತೀನ್ರೋ' ಅಂದು ಲಂಗರು ಎತ್ತಿಬಿಟ್ಟ."

ಗುರುಗಳು ಮೊರ ಕೆಳಗಿಟ್ರು.

"ಆಗ ನನಗೆ ಹೊಳೀತು ಗುರುಗಳೇ! ಇದು ಪರೀಕ್ಷೆ! ನೀವೇ ತುಳಸಕ್ಕನಿಗೆ ಹೇಳಿ ಮಾಡಿಸಿದ ಪರೀಕ್ಷೆ! ಕಥೆಗಳಲ್ಲಿ ಹಂಗೇ ಅಲ್ವಾ? ಶಿಷ್ಯನಿಗೆ ತುಂಬಾ ಬೇಕಾದ್ದನ್ನೇ ಮುಂದಿಟ್ಟು ಗುರು ಅಲ್ಲಾಡಿಸಿ ನೋಡ್ತಾರೆ. ದೋಣಿ ದ್ವೀಪ ಸುತ್ತಿ ತಿರುಗೋವಾಗ ಅವಳು ಬಂಡೆ ಮೇಲೆ ಬಂದ್ಳು. ಕೂಗಿದ್ಳು. 'ರೋಹೀ! ಏ ತಮಾ! ನಾನಿಲ್ಲೇ ಇದ್ದೀನೋ!' ಹಾಯಿ ಪಟಪಟ ಬಡ್ಕೊಳ್ತಿತ್ತು, ಜಟ್ಟಣ್ಣನಿಗೆ ಕೇಳ್ಲಿಲ್ಲ. ಮುಂದೆ ಕೂತಿದ್ದ ನಮಗೆ ಕೇಳ್ತು."

"ನೀನು?"

"ಕಣ್ಣು ಮುಚ್ಕೊಂಡೆ. ಕಟ್ಟಿಗೆ ಆಗ್ಬಿಟ್ಟೆ. ಗೆದ್ದೆ ಅಲ್ವಾ ಗುರುಗಳೇ?"

ಗುರುಗಳು ಎದ್ದು ನಿಂತ್ರು. ಅವರ ಮುಖ ನೋಡಿದ್ದೇ ರೋಹಿದಾಸ ಒಂದು ಹೆಜ್ಜೆ ಹಿಂದೆ ಸರಿದ.

"ಪರೀಕ್ಷೆ... ನಿಮ್ಮದೇ ಅಲ್ವಾ?"

"ಅವಳಿಗೆ ಈಜು ಬರಲ್ಲ ಕಣೋ," ಅಂದ್ರು ಗುರುಗಳು. "ಉಬ್ಬರ ಏರ್ತಾ ಇದೆ. ನಡಿ."

ದಡದಲ್ಲಿ ಆಗ್ಲೇ ಜಾತ್ರೆ ಆಗಿತ್ತು. ಕಾಲಿಗೆ ಮರಳು ತಾಗಿದ್ದೇ ತಡ, ಮೌನ ಮುಗೀತು ಅಂತ ಎಲ್ಲರ ಬಾಯಿಯೂ ತೆರೆದಿತ್ತು.

"ನಾನು ನೋಡಿದ್ದೆ, ನೀವು ಹೇಳ್ತೀರಿ ಅಂದ್ಕೊಂಡೆ."

"ನಾನ್ಯಾಕ್ರೀ ಹೇಳ್ಲಿ? ಆಶ್ರಮದ ಹುಡುಗ ಎದುರಿಗೇ ಕೂತಿದ್ನಲ್ಲ, ಅವನಿಗೆ ಗೊತ್ತಿರುತ್ತೆ ಅಂದ್ಕೊಂಡೆ."

ಜಟ್ಟಣ್ಣ ಒಬ್ಬನೇ ದೋಣಿ ತಿರುಗಿಸ್ತಿದ್ದ. "ಬಾಯಿ ಬಿದ್ದು ಹೋಗಿತ್ತೇನ್ರೋ ನಿಮಗೆಲ್ಲ? ಒಂದು ಹೂಂ, ಒಂದು ಉಹೂಂ! ಅಷ್ಟಾದ್ರೂ ಅನ್ನೋಕಾಗ್ಲಿಲ್ವಾ?"

ಗುರುಗಳು ತಲೆ ತಗ್ಗಿಸಿ ದೋಣಿ ಹತ್ತಿದ್ರು, ಹಿಂದೆ ರೋಹಿದಾಸ.

ದಾರಿಯುದ್ದಕ್ಕೂ ರೋಹಿದಾಸ ದೋಣಿಯ ಮುಂತುದಿಯಲ್ಲಿ ನಿಂತು ಕೂಗ್ತಾನೇ ಇದ್ದ. "ತುಳಸಕ್ಕಾ! ತುಳಸಕ್ಕೋ!" ದ್ವೀಪ ಇನ್ನೂ ಕಾಣ್ದಿದ್ದಾಗಲೂ ಕೂಗ್ತಿದ್ದ.

ಬೆಳಿಗ್ಗೆ ಎಲ್ಲರೂ ಕಾಲು ಚಾಚಿ ಕೂತಿದ್ದ ಮರಳು ಅಲ್ಲಿರಲೇ ಇಲ್ಲ. ನೀರು ನುಂಗಿತ್ತು. ಬಂಡೆಯ ನೆತ್ತಿ ಮಾತ್ರ ಉಳಿದಿತ್ತು, ಅಲ್ಲಿ ತುಳಸಕ್ಕ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ಸೀರೆ ಸೊಂಟದವರೆಗೆ ಒದ್ದೆ. ಅಲೆ ಬಂದಾಗಲೆಲ್ಲ ಕಾಲು ಇನ್ನಷ್ಟು ಒಳಗೆಳ್ಕೊಳ್ತಿದ್ದಳು.

ಜಟ್ಟಣ್ಣ ಹಗ್ಗ ಎಸೆದ. ಗುರುಗಳು ಕೈ ಕೊಟ್ಟು ಎಳ್ಕೊಂಡ್ರು. ಅವಳ ಒಂದು ಮುಷ್ಟಿ ಬಿಗಿಯಾಗಿ ಮುಚ್ಚಿತ್ತು.

ದೋಣೀಲಿ ಕೂತ ಮೇಲೆ ಮುಷ್ಟಿ ಬಿಚ್ಚಿದಳು. ಹಿಸುಕಿ ಕಪ್ಪಾದ ಸೊಪ್ಪು. ರೋಹಿದಾಸನ ಕಾಲನ್ನ ತೊಡೆ ಮೇಲೆ ಎಳ್ಕೊಂಡು, ಪಟ್ಟಿ ಬಿಚ್ಚಿ, ಗಾಯದ ಮೇಲೆ ಅದರ ರಸ ಹಿಂಡಿದಳು. ಉರೀತು. ಅವನು "ಅಮ್ಮಾ" ಅಂದ.

ಅಂದಿದ್ದೇ ತಡ, ಎಲ್ಲಾ ಹೊರಗೆ ಬಂತು. "ತುಳಸಕ್ಕಾ, ಪರೀಕ್ಷೆ ಅಂದ್ಕೊಂಡೆ ಕಣೇ, ದೇವರಾಣೆ, ನಿಂಗೂ ಗೊತ್ತಿದೆ ಅಂದ್ಕೊಂಡೆ, ನೀನು ಸುಮ್ನೆ ಕೂಗ್ತಿದ್ದೀಯ ಅಂದ್ಕೊಂಡೆ, ನಿನ್ನ ದನಿ ನಡುಗ್ತಿತ್ತಲ್ಲ, ಏನ್ ಚೆನ್ನಾಗಿ ನಟಿಸ್ತಾಳಪ್ಪಾ ಅಂತಾನೂ ಅಂದ್ಕೊಂಡೆ..."

ನಿಲ್ಲಿಸಿದ. ಕಾದ.

ಅವಳು ಪಟ್ಟಿಯ ಗಂಟು ಬಿಗಿದಳು. "ಆಮೇಲೆ?" ಅನ್ನಲಿಲ್ಲ.

ಆಶ್ರಮ ಬಂತು. ತುಳಸಕ್ಕ ಒದ್ದೆ ಸೀರೆಯಲ್ಲೇ ಇಳಿದು ನೆಟ್ಟಗೆ ಅಡುಗೆಮನೆಗೆ ಹೋದಳು. ಪಟ್ಟಣದವರು ತಲೆ ತಗ್ಗಿಸಿ ಬ್ಯಾಗು ತಗೊಂಡ್ರು. ಬ್ಯಾಂಕಿನ ಮೇಡಂ ಅಡುಗೆಮನೆ ಬಾಗಿಲವರೆಗೆ ಹೋಗಿ, ಹೊಸಿಲು ದಾಟದೆ ವಾಪಸ್ ಬಂದ್ರು.

ಸಂಜೆ ಆಗ್ತಿದ್ದಂಗೆ ರೋಹಿದಾಸ ತುರಿಯೋ ಮಣೆ ಪಕ್ಕ ಹೋಗಿ ಕೂತ. "ತುಳಸಕ್ಕಾ, ನಿನ್ನೆ ಒಂದು ಆಮೆ ಬಂದಿತ್ತು..." ಅಂದ. ಅವಳು ಕಾಯಿ ತುರಿದು ಮುಗಿಸಿದಳು. ಅವನ ಮುಂದೆ ಗಂಜಿ ಇಟ್ಟಳು, ಪಕ್ಕದಲ್ಲಿ ಎಂದಿನಂತೆ ಉಪ್ಪಿನಕಾಯಿ. ಹೊರಗೆ ಹೋದಳು. ಹೇಳೋಕೆ ಶುರುಮಾಡಿದ್ದು ಅವನ ಬಾಯಲ್ಲೇ ಉಳೀತು.

ಗಂಜಿ ಅಲ್ಲೇ ಬಿಟ್ಟು ಎದ್ದ.

ಜಗಲೀಲಿ ಗುರುಗಳು ಕಾಯ್ತಿದ್ರು. ಮಡಿಲಲ್ಲಿ ಮಡಿಸಿದ ಕಾವಿ ಬಟ್ಟೆ.

"ತಗೋ."

"ಬೇಡ ಗುರುಗಳೇ!"

"ಮಾತು ಕೊಟ್ಟಿದ್ದೆ. ನೀನು ಮೌನ ಉಳಿಸ್ಕೊಂಡೆ. ತಗೋ."

"ಇದನ್ನ ಹೊದ್ದು ಅವಳೆದುರು ಹೆಂಗೆ ಓಡಾಡ್ಲಿ?"

"ನನಗೂ ಗೊತ್ತಿಲ್ಲ. ನಿಯಮ ಮಾಡಿದೋನು ನಾನು. ನಾನೂ ಅವಳು ಬಡಿಸಿದ್ದನ್ನೇ ಉಣ್ಣಬೇಕು."

ಬಟ್ಟೆ ರೋಹಿದಾಸನ ಕೈಗೆ ಬಂತು. ಇಷ್ಟು ವರ್ಷ ಕನಸಲ್ಲಿ ಕಂಡಿದ್ದು. ಹಿಡ್ಕೊಳ್ಳೋಕೂ ಆಗ್ಲಿಲ್ಲ, ಕೆಳಗಿಡೋಕೂ ಆಗ್ಲಿಲ್ಲ. ಅಳು ಒತ್ತರಿಸಿ ಬಂತು, ಜೊತೆಗೆ ಸಿಟ್ಟೂ ಬಂತು.

"ಗುರುಗಳೇ, ನಾನು ಕೆಟ್ಟೋನಲ್ಲ! ಗುರು ಹೇಳಿದ್ದನ್ನ ಮೀರಬಾರದು ಅಂತ ಕೂತೆ. ಅಷ್ಟೇ. ನನ್ನ ಜಾಗದಲ್ಲಿ ಯಾರಿದ್ರೂ ಹಂಗೇ ಮಾಡ್ತಿದ್ರು. ದೋಣಿ ತುಂಬಾ ಜನ ಇದ್ರು, ಎಲ್ಲರೂ ಹಂಗೇ ಮಾಡಿದ್ರಲ್ಲ!"

ಗುರುಗಳು ಸಮುದ್ರದ ಕಡೆ ತಿರುಗಿದ್ರು. ನೀರು ಇಳೀತಾ ಇತ್ತು.

"ಆ ಬಂಡೆ ಮೇಲಿಂದ ಕೂಗಿದ್ದು ತುಳಸಕ್ಕ ಅಲ್ದೆ ನಾನಾಗಿದ್ರೆ, ನೀನು ಏನ್ ಮಾಡ್ತಿದ್ದೆ ರೋಹಿ?"