ಕಲ್ಲಿನ ಕೊನೆಯ ಸಾಲು

ಮಲಪ್ರಭೆಯ ದಂಡೆಯ ಮೇಲೆ ಎರಡು ಕೋಣೆಯ ಮನೆ. ಅದರಲ್ಲಿ ಚಂಪಾಬಾಯಿ. ಎಲ್ಲರಿಗೂ ಅವರು ಅಕ್ಕೋರು.

ಹಳೆಯ ರೋಮ್‌ನ ಹೆಂಗಸರ ಇತಿಹಾಸ ಬರೆದವರು. ಐವತ್ತು ವರ್ಷ ಅದೊಂದೇ ಕೆಲಸ. ಈಗ ಕಣ್ಣು ಕಾಣುವುದಿಲ್ಲ.

ಶಿಷ್ಯ ಅಡಿವೆಪ್ಪ. ಅಕ್ಕೋರ ಒಂದು ಪುಸ್ತಕ ಓದಿ, ಶಾಲೆಯ ನೌಕರಿ ಬಿಟ್ಟು ಬಂದವನು. ಒಂಬತ್ತು ವರ್ಷವಾಯಿತು; ಲ್ಯಾಟಿನ್ ಕಲಿತದ್ದೂ ಇಲ್ಲಿಯೇ. ಅವರ ಕಣ್ಣು ಹೋದ ಮೇಲೆ ಓದಿ ಹೇಳುವವನೂ ಅವನೇ.

ಅಕ್ಕೋರ ಹೆಸರು ನಿಂತಿದ್ದೂ ಆ ಪುಸ್ತಕದ ಮೇಲೆಯೇ. ‘ಯಾರೂ ಇಲ್ಲದವಳು’. ಪುಸ್ತಕ ನಿಂತಿದ್ದು ಒಂದು ಕಲ್ಲಿನ ಮೇಲೆ.

ರೋಮ್ ಊರಾಚೆ, ತೋಟವೊಂದರ ಗೋಡೆಯಲ್ಲಿ ಸಿಕ್ಕ ಗೋರಿಗಲ್ಲು. ಅದರಲ್ಲಿ ಲ್ಯಾಟಿನ್‌ನಲ್ಲಿ ಇದ್ದದ್ದು ಇಷ್ಟೇ: ವೆಟ್ಟಿಯಾ. ಬದುಕಿದ್ದು ಐವತ್ತೊಂದು ವರ್ಷ.

ಗಂಡನ ಹೆಸರಿಲ್ಲ. ಮಕ್ಕಳ ಹೆಸರಿಲ್ಲ. ಕಲ್ಲು ನಿಲ್ಲಿಸಿದವರು ಯಾರೆಂದೂ ಇಲ್ಲ. ಆ ಖಾಲಿ ಜಾಗದ ಬಗ್ಗೆ ಅಕ್ಕೋರು ಮುನ್ನೂರು ಪುಟ ಬರೆದರು. ಓದಿದವರು ಅತ್ತರು.

ಗೋಡೆ ಆಮೇಲೆ ಬಿತ್ತು. ಕಲ್ಲು ಯಾರ ಮನೆಯ ಅಡಿಪಾಯ ಸೇರಿತೋ. ಉಳಿದದ್ದು ಅದರ ಪಡಿಯಚ್ಚು ಮಾತ್ರ. ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ, ಬ್ರಷ್‌ನಿಂದ ಬಡಿದು, ಒಣಗಿದ ಮೇಲೆ ಅಕ್ಕೋರೇ ಎಬ್ಬಿಸಿದ ದಪ್ಪ ಹಾಳೆ.

ಪುಸ್ತಕ ಎಂಟನೆಯ ಮುದ್ರಣಕ್ಕೆ ಹೊರಟಿತ್ತು. ಕರಡು ತಿದ್ದುವ ಕೆಲಸ ಅಡಿವೆಪ್ಪನದು. ಫೋಟೋ ತೆಗೆಯಲೆಂದು ಆ ಹಾಳೆಯನ್ನು ಪೆಟ್ಟಿಗೆಯಿಂದ ತೆಗೆದು ಕಿಟಕಿಯ ಬಳಿ ಇಟ್ಟ. ಬೆಳಗಿನ ಬಿಸಿಲು ಓರೆಯಾಗಿ ಬಿತ್ತು.

ಕೆಳಗೆ ಸವೆದ ಇನ್ನೊಂದು ಸಾಲಿತ್ತು.

ಅವನು ಓದಿದ. ಮರುದಿನ ಅದೇ ಬಿಸಿಲಿಗೆ ಇಟ್ಟು ಮತ್ತೆ ಓದಿದ. ಆಮೇಲೆ ಪೆಟ್ಟಿಗೆಯಲ್ಲಿ ಇಟ್ಟು ಮುಚ್ಚಿದ.

ಹೇಳಿದರೆ ಗುರುವಿನ ಪುಸ್ತಕ ಹೋಗುತ್ತದೆ. ಹೇಳದಿದ್ದರೆ ಆ ಸಾಲು ಹೋಗುತ್ತದೆ. ಅವನು ಹೇಳಲಿಲ್ಲ.

ಪ್ರೆಸ್ಸಿನವನು ಕರಡು ಒಯ್ಯಲು ಬರುವ ದಿನ ಬಂತು. ಅಕ್ಕೋರು ಕಟ್ಟೆಯ ಮೇಲೆ ಕೂತಿದ್ದರು. ಅಡಿವೆಪ್ಪ ಕೊನೆಯ ಸಲ ಓದಿ ಹೇಳುತ್ತಿದ್ದ.

“ಅಡಿವೆಪ್ಪ, ಈ ಪುಟ ಮೂರು ಸಲ ಓದಿದಿ.”

“ಹೌದೇನ್ರೀ?”

“ಕಣ್ಣು ಹೋಗ್ಯಾವ. ಕಿವಿ ಅದಾವ.”

ಅವನು ಪುಟ ತಿರುವಿದ.

“ಗಂಟಲಾಗ ಏನು ಸಿಕ್ಕೈತಿ? ಉಗುಳು, ಇಲ್ಲಾ ನುಂಗು. ನಡುವ ಇಟ್ಕೊಂಡು ಓದಬ್ಯಾಡ.”

“ಏನಿಲ್ರೀ ಅಕ್ಕೋರ. ಪುಸ್ತಕ ಛಲೋ ಐತ್ರಿ.”

“ಅದು ನನಗ ಗೊತ್ತೈತಿ. ನಾನ ಬರದೇನಿ.”

ದಂಡೆಯ ದಾರಿಯಲ್ಲಿ ಪ್ರೆಸ್ಸಿನವನ ಮೋಟರ್‌ಸೈಕಲ್ ಸದ್ದು ಕೇಳಿಸಿತು. ಅಡಿವೆಪ್ಪ ಕರಡು ಕೆಳಗಿಟ್ಟ. ಒಳಗೆ ಹೋಗಿ ಪೆಟ್ಟಿಗೆ ತೆರೆದ. ಹಾಳೆ ತಂದು ಅಕ್ಕೋರ ತೊಡೆಯ ಮೇಲಿಟ್ಟ.

“ಕೆಳಗ ಒಂದು ಸಾಲು ಐತ್ರಿ.”

ಅಕ್ಕೋರು ಹಾಳೆಯನ್ನು ನೇರ ಮಾಡಿಕೊಂಡರು. ಬೆರಳು ಹಾಳೆಯ ಮೇಲೆ ಇಳಿಯಿತು. ಹೆಸರು ದಾಟಿತು. ವಯಸ್ಸು ದಾಟಿತು. ಕೆಳಗೆ ಬಂದು ನಿಂತಿತು. ಆಮೇಲೆ ಒಂದೊಂದೇ ಅಕ್ಷರ ಹಿಡಿದು ನಡೆಯಿತು.

ಪ್ರೆಸ್ಸಿನವನು ಬಂದ. ಅಡಿವೆಪ್ಪ ಕೈಸನ್ನೆ ಮಾಡಿದ. ಅವನು ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ಕೂತ.

“ಕನ್ನಡದಾಗ ಹೇಳು,” ಎಂದರು ಅಕ್ಕೋರು.

ಅಡಿವೆಪ್ಪ ಹೇಳಿದ. “ಸೂಲಗಿತ್ತಿ. ಈಕೆಯ ಕೈಯಲ್ಲಿ ಹುಟ್ಟಿದವರೆಲ್ಲ ಕೂಡಿ ಈ ಕಲ್ಲು ನಿಲ್ಲಿಸಿದರು.”

ಅಕ್ಕೋರ ಬೆರಳು ಮತ್ತೆ ಆ ಸಾಲಿನ ಮೊದಲಿಗೆ ಹೋಯಿತು.

“ಅವತ್ತ ಕಲ್ಲಿನ ಮುಂದ ನಿಂತಾಗ ಕಂಡಿತ್ತು,” ಎಂದರು ಅಕ್ಕೋರು. “ಗೀರು ಅಂದ್ಕೊಂಡೆ.”

“ನಡು ಮಧ್ಯಾಹ್ನ ಇರಬೇಕ್ರೀ. ಆ ಬಿಸಿಲಾಗ ಯಾರಿಗೂ ಕಾಣ್ತಿರಲಿಲ್ಲ.”

“ಬಿಸಿಲಿನ ಮ್ಯಾಲೆ ಹಾಕಬ್ಯಾಡ. ಆ ವರ್ಷ ನನಗೂ ಯಾರೂ ಇರಲಿಲ್ಲ.”

ಅವರು ಕೈ ಚಾಚಿದರು. ಅಡಿವೆಪ್ಪ ಕರಡು ಕೊಟ್ಟ. ಅವರು ಮೊದಲ ಹಾಳೆಯನ್ನು ಬೆರಳಲ್ಲಿ ತಡವಿ ತೆಗೆದು, ಹರಿದರು. ಪುಸ್ತಕದ ಹೆಸರಿದ್ದ ಹಾಳೆ ಅದು. ಉಳಿದ ಕಟ್ಟನ್ನು ಬೋರಲು ಹಾಕಿದರು. ಖಾಲಿ ಬೆನ್ನು ಮೇಲೆ ಬಂತು. ಹಾಗೆಯೇ ಅವನ ಕೈಗಿತ್ತರು.

“ಇದರ ಮ್ಯಾಲೆ ಬರಿ.”

“ಎಲ್ಲಾನೂ ಹೊಸದಾಗೇನ್ರೀ?”

“ಎಲ್ಲಾನೂ. ನೀ ಬರಿ. ನಾ ಕೇಳ್ತೀನಿ.”

ಪ್ರೆಸ್ಸಿನವನು ಮೆಲ್ಲಗೆ ಕೆಮ್ಮಿದ. “ಅಕ್ಕೋರ, ಅಲ್ಲಿ ಮಷಿನ್ ಕಾಯಾಕತ್ತೈತ್ರಿ.”

“ಕಾಯ್ಲಿ.”

ಅವನು ಎದ್ದು ಚಪ್ಪಲಿ ಮೆಟ್ಟಿದ.

ಅಡಿವೆಪ್ಪ ಕೇಳಿದ. “ಈ ಸಾಲು ಓದಿದವರು ಯಾರು ಅಂತ ಬರೀಲ್ರೀ?”

“ಓದಿದಾಂವ ನೀನು. ನಿನ್ನ ಹೆಸರು ಹಾಕು.”

ಅಡಿವೆಪ್ಪ ಬಗ್ಗಿ ಅವರ ಪಾದ ಹಿಡಿದ.

“ತಪ್ಪಾತ್ರಿ ಅಕ್ಕೋರ. ನಿಮ್ಮ ಹೆಸರು ಕೆಡತೈತಿ ಅಂತ ಮುಚ್ಚಿಟ್ಟಿದ್ದೆ.”

“ಓದಿ ಎಷ್ಟು ದಿನ ಆತು?”

“ಹನ್ನೆರಡು ದಿನ ಆತ್ರಿ.”

ಅಕ್ಕೋರ ಕೈ ಮತ್ತೆ ಆ ಸಾಲಿನ ಮೇಲೆ ಬಂದಿತ್ತು.

“ಆಕಿ ಎರಡು ಸಾವಿರ ವರ್ಷ ಕಾದಾಳ. ಅದರ ಮ್ಯಾಲೆ ಹನ್ನೆರಡು ದಿನ ನೀ ಯಾಕ ಕಾಯಿಸಿದಿ?”