ಉಗುಳು ಕೊಡಲು ಹೋದ ಯಮನೂರ

ಇಂಥ ಮಗ ನಿಮಗೂ ಬೇಡ, ನನಗೂ ಬೇಡ. ಫಕೀರವ್ವನಿಗೆ ಇದ್ದ, ಏನು ಮಾಡೋಣ! ಹೆಸರು ಯಮನೂರ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅಂಗಳದ ನಡುಗೋಡೆಯಾಚೆ ವಾರಗಿತ್ತಿ ತಂಗೆವ್ವ. ಅವಳ ಮಗ ಮೈಲಾರಿ ಚುರುಕು.

ಶಾಲೆಯ ಮೈದಾನಕ್ಕೆ ಓಟದ ಮಾಸ್ತರರು ಬಂದಿದ್ದರು. ಹುಡುಗರ ಉಗುಳಿನ ಜೀನು ಪರೀಕ್ಷೆ ಮಾಡಿಸುವುದು, ಓಟದ ಜೀನು ಇದ್ದವರನ್ನು ಕ್ರೀಡಾ ಹಾಸ್ಟೆಲಿಗೆ ಒಯ್ಯುವುದು. ಮೈಲಾರಿಯ ಕಾಗದ ಬಂತು: ಹುಟ್ಟು ಓಟಗಾರ! ತಂಗೆವ್ವ ಅದನ್ನು ಬಾಗಿಲಿಗೇ ಅಂಟಿಸಿದಳು. ಫಕೀರವ್ವ ಹೋಗುವಾಗೊಮ್ಮೆ ನೋಡಿದಳು, ಬರುವಾಗೊಮ್ಮೆ ನೋಡಿದಳು. ಹೊಟ್ಟೆಕಿಚ್ಚು ತಾಳಲಾರದೆ ಮಗನನ್ನು ಕರೆದಳು.

"ಯಮನೂರಾ, ನೀನೂ ಉಗುಳು ಕೊಟ್ಟು ಬಾ! ಅದಕ್ಕೂ ಮೊದಲ ಏನೂ ತಿನ್ನಬಾರದಂತ. ಅಲ್ಲೀತನಕ ಬಾಯಿ ತಗೀಬ್ಯಾಡ!"

ಹೋದ. ಮಾಸ್ತರರು ಹೆಸರು ಕೇಳಿದರು. ಬಾಯಿ ತೆಗೆಯಲಿಲ್ಲ. ಗಾಜಿನ ನಳಿಗೆ ಮುಂದೆ ಹಿಡಿದು "ಉಗುಳೋ" ಅಂದರು. ತೆಗೆಯಲಿಲ್ಲ. ಬೈದು ಮನೆಗೆ ಅಟ್ಟಿದರು.

"ಅಯ್ಯ ಹುಚ್ಚ ಖೋಡಿ! ಯಾರು ಏನು ಮುಂದ ಹಿಡದ್ರೂ ಅದರಾಗ ಉಗುಳಬೇಕು!"

"ಹಂಗ ಆಗಲಿ ಯವ್ವಾ."

ಮರುದಿನ ತಂಗೆವ್ವ ಕಟ್ಟೆಯ ಮೇಲೆ ಕೂತು ಪೇಡೆ ಹಂಚುತ್ತಿದ್ದಳು. "ಬಾರೋ ಯಮನೂರಾ" ಅಂತ ತಾಟು ಮುಂದೆ ಹಿಡಿದಳು. ಥೂ! ತಾಟಿನ ತುಂಬ ಉಗುಳಿದ.

ತಂಗೆವ್ವ ಓಣಿಯನ್ನೇ ಕೂಡಿಸಿ ಬೈದಳು. ಫಕೀರವ್ವನಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ! ಆದರೂ ಮಂದಿಯೆದುರು ಮಗನನ್ನು ಬೈಯಬೇಕಲ್ಲ.

"ಮುಂದ ಹಿಡದದ್ದನ್ನ ಎರಡೂ ಕೈಲೆ ತಗೊಂಡು ನುಂಗಬೇಕೋ ಮೂರ್ಖಾ!"

"ಹಂಗ ಆಗಲಿ ಯವ್ವಾ."

ಮೂರನೆಯ ದಿನ ಮಾಸ್ತರರು ಹತ್ತಿ ಸುತ್ತಿದ ಕಡ್ಡಿ ಹಿಡಿದು, "ಬಾಯೊಳಗೆ ತಿಕ್ಕಿ ಕೊಡು ಸಾಕು" ಅಂದರು. ಎರಡೂ ಕೈಲಿ ತಗೊಂಡ. ಹತ್ತಿ ಕಿತ್ತು ನುಂಗಿದ. "ಉಪ್ಪು ಇಲ್ರೀ" ಅಂದ.

"ಮತ್ತ ಈ ಕಡೆ ಬರಬ್ಯಾಡ!" ಅಂದರು ಮಾಸ್ತರರು.

ಗೋಡೆಯಾಚೆ ತಂಗೆವ್ವ ಮಗನ ಟ್ರಂಕು ತುಂಬುತ್ತಿದ್ದಳು. ಆ ಸದ್ದು ಕೇಳಿ ಫಕೀರವ್ವ ಹಣೆ ಚಚ್ಚಿಕೊಂಡಳು. "ಮೈಲಾರಿ ನನ್ನ ಮಗ ಆಗಬೇಕಿತ್ತು, ನೀ ಆಕಿ ಮಗ ಆಗಬೇಕಿತ್ತು! ಒಮ್ಮೆಯರ ನನ್ನ ಮನಸಿನ್ಯಾಗ ಇದ್ದದ್ದು ಮಾಡೋ!"

"ಹಂಗ ಆಗಲಿ ಯವ್ವಾ."

ಮೈದಾನಕ್ಕೆ ಹೋದ. ಓಡುತ್ತಿದ್ದ ಮೈಲಾರಿಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಓಟ ಕಿತ್ತ. ಮೈಲಾರಿ ಚೀರಿದ. ಬೆನ್ನ ಹಿಂದೆ ಜೀನಿನ ಕಾಗದ ಸಿಕ್ಕ ಹತ್ತು ಹುಡುಗರು, ಅವರ ಹಿಂದೆ ಸೀಟಿ ಊದುತ್ತ ಮಾಸ್ತರರು. ಒಬ್ಬರಿಗೂ ಸಿಗಲಿಲ್ಲ! ಅಂಗಳದಲ್ಲಿ ತನ್ನ ತಾಯಿಯ ಮುಂದೆ ಮೈಲಾರಿಯನ್ನು ಇಳಿಸಿದ.

"ತಗೋ ಯವ್ವಾ, ನಿನ್ನ ಮಗ!"

ಗದ್ದಲಕ್ಕೆ ತಂಗೆವ್ವನೂ ತನ್ನ ಅಂಗಳಕ್ಕೆ ಬಂದಳು. ಮಾಸ್ತರರು ಏದುಸಿರು ಬಿಡುತ್ತ ಬಂದರು. "ಪರೀಕ್ಷೆ ಗಿರೀಕ್ಷೆ ಏನೂ ಬ್ಯಾಡ! ಒಬ್ಬನ್ನ ಹೊತ್ತುಕೊಂಡು ಹಿಂಗ ಓಡ್ಯಾನ! ಹಾಸ್ಟೆಲಿಗೆ ಮೊದಲನೇ ಹೆಸರು ಇವನದ. ಯಾರ ಮಗ ಇಂವ?"

ಫಕೀರವ್ವನ ಎದೆ ಉಬ್ಬಿತು. ತಂಗೆವ್ವನನ್ನು ಓರೆಗಣ್ಣಲ್ಲಿ ನೋಡಿ ಬಾಯಿ ತೆರೆಯುವಷ್ಟರಲ್ಲಿ ಯಮನೂರ ನಡುಗೋಡೆ ಜಿಗಿದು ತಂಗೆವ್ವನ ಪಕ್ಕ ನಿಂತಿದ್ದ.

"ತಂಗೆವ್ವನ ಮಗ್ರೀ!"

ಮಾಸ್ತರರು ಹಾಗೆಯೇ ಬರೆದುಕೊಂಡರು. ತಂಗೆವ್ವ ಅಲ್ಲ ಅನ್ನಲಿಲ್ಲ.